ಬೆಂಗಳೂರು ಟಿ2ರ 080 ದೇಶೀಯ ಲೌಂಜ್: ಬಿಸಿನೆಸ್ ಕ್ಲಾಸ್ ಟಿಕೆಟ್ಟಿಗೂ ಬ್ಯಾಂಕ್ ಕಾರ್ಡಿಗೂ ಒಂದೇ ಬಾಗಿಲು

ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಲೌಂಜಿಗೆ '080' ಎಂದು ಹೆಸರಿಟ್ಟವರು ಬುದ್ಧಿವಂತರು. ಲ್ಯಾಂಡ್‌ಲೈನ್ ಕಾಲದವರಿಗೆ ಬೋರ್ಡು ಕಂಡ ಕೂಡಲೇ ಬೆಂಗಳೂರಿನ ಎಸ್‌ಟಿಡಿ ಕೋಡ್ ನೆನಪಾಗುತ್ತದೆ. ಮೊಬೈಲ್ ಕಾಲದ ಮಕ್ಕಳಿಗೆ ಮಾತ್ರ ಬಿಡಿಸಿ ಹೇಳಬೇಕು. ಎರಡನೇ ಟರ್ಮಿನಲ್ ಉದ್ಘಾಟನೆಯಾದದ್ದು 2022ರ ನವೆಂಬರ್ 11ರಂದು, ದೇಶೀಯ ವಿಮಾನಗಳು ಅಲ್ಲಿಂದ ಹಾರಲು ಶುರುವಾದದ್ದು 2023ರ ಜನವರಿ 15ರಿಂದ. ಟರ್ಮಿನಲ್ಲಿನ ಜೊತೆಗೆ ಲೌಂಜಿನ ಕಲ್ಪನೆಯೂ ಹೊಸದಾಯಿತು: ಸಾಲು ಕುರ್ಚಿ, ಮೂಲೆಯಲ್ಲೊಂದು ಬಿಸ್ಕತ್ತಿನ ತಟ್ಟೆ, ಟೀವಿಯಲ್ಲಿ ಸುದ್ದಿ ಎಂಬ ಹಳೇ ಮಾದರಿ ಹೋಗಿ, ಹೋಟೆಲಿನ ಲಾಬಿಯ ಹಾಗೆ ಕಾಣುವ ಜಾಗ ಬಂತು.

ಆದರೆ ಒಂದು ವಿಷಯ ಬದಲಾಗಿಲ್ಲ. ಬಿಸಿನೆಸ್ ಕ್ಲಾಸ್ ಟಿಕೆಟ್ ಕೊಂಡು ಹೋಗುವವರು ಅದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಇದು ಯಾವ ವಿಮಾನ ಕಂಪನಿಯ ಸ್ವಂತ ಲೌಂಜೂ ಅಲ್ಲ. ನಿಮ್ಮ ವಿಮಾನ ಕಂಪನಿ ನಿಮ್ಮ ತಲೆಗೆ ಇಷ್ಟು ಎಂದು ಲೌಂಜಿನವರಿಗೆ ದುಡ್ಡು ಕಟ್ಟುತ್ತದೆ. ಪಕ್ಕದ ಸೋಫಾದಲ್ಲಿ ಕೂತವರಿಗೆ ಅವರ ಬ್ಯಾಂಕು ಕಟ್ಟಿರುತ್ತದೆ. ಒಳಗೆ ಕಾಲಿಟ್ಟ ಮೇಲೆ ನಿಮ್ಮ ಟಿಕೆಟ್ ಯಾವ ದರ್ಜೆಯದು ಎಂದು ಇಡ್ಲಿ ಪಾತ್ರೆಗೆ ಗೊತ್ತಿರುವುದಿಲ್ಲ. ಹಾಗಾಗಿ ಲೌಂಜ್ ಚೆನ್ನಾಗಿದೆಯೋ ಇಲ್ಲವೋ ಎಂಬುದಕ್ಕೆ ಉತ್ತರ ಪೀಠೋಪಕರಣದಲ್ಲಿಲ್ಲ, ಗಡಿಯಾರದಲ್ಲಿದೆ. ಬೆಳಗ್ಗೆ ಆರೂವರೆಗೆ ಹೋದವರು ಬರೆಯುವ ವಿಮರ್ಶೆಯೂ ಮಧ್ಯಾಹ್ನ ಎರಡೂವರೆಗೆ ಹೋದವರು ಬರೆಯುವ ವಿಮರ್ಶೆಯೂ ಬೇರೆ ಬೇರೆ ಊರಿನ ಲೌಂಜುಗಳ ಬಗ್ಗೆ ಇದ್ದಂತೆ ಇರುತ್ತವೆ.

ಬಾಗಿಲಲ್ಲಿ

ಮೊದಲು ಟರ್ಮಿನಲ್ ಸರಿಯಾಗಿ ನೋಡಿಕೊಳ್ಳಿ. ಏರ್ ಇಂಡಿಯಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್, ಸ್ಟಾರ್ ಏರ್ ಹಾರುವುದು ಟಿ2ರಿಂದ. ಇಂಡಿಗೋದ ದೇಶೀಯ ವಿಮಾನಗಳಲ್ಲಿ ಬಹುಪಾಲು, ಆಕಾಸ, ಸ್ಪೈಸ್‌ಜೆಟ್ ಟಿ1ರಿಂದ. ಟಿ1ರಲ್ಲೂ 080 ಹೆಸರಿನದೇ ಲೌಂಜ್ ಇದೆ, ಆದರೆ ಒಂದು ಟರ್ಮಿನಲ್ಲಿನ ಟಿಕೆಟ್ ಹಿಡಿದು ಇನ್ನೊಂದರ ಲೌಂಜಿಗೆ ಹೋಗಲಾಗದು. ಎರಡರ ನಡುವೆ ಉಚಿತ ಬಸ್ ಇದೆ ನಿಜ, ಅದು ಹೊರಗಿನ ರಸ್ತೆಯಲ್ಲಿ ಓಡುವುದು. ಲೌಂಜ್ ಇರುವುದು ಭದ್ರತಾ ತಪಾಸಣೆ ದಾಟಿದ ಮೇಲೆ.

ಬಿಸಿನೆಸ್ ಕ್ಲಾಸ್‌ನವರಿಗೆ ಕೌಂಟರಿನಲ್ಲಿ ಬೇಕಾದದ್ದು ಬೋರ್ಡಿಂಗ್ ಪಾಸ್ ಒಂದೇ. ಅದರ ಬಾರ್‌ಕೋಡಿನೊಳಗೆ ನಿಮ್ಮ ಹೆಸರು, ವಿಮಾನದ ಸಂಖ್ಯೆ, ಸೀಟಿನ ಜೊತೆಗೆ ಕ್ಯಾಬಿನ್ ಯಾವುದು ಎಂಬ ಅಕ್ಷರವೂ ಅಡಗಿರುತ್ತದೆ. ಸ್ಕ್ಯಾನರ್ ಓದುವುದು ಅದನ್ನೇ. ಎಡವಟ್ಟು ಆಗುವುದು ಇಲ್ಲೇ. ಮೊದಲು ಎಕಾನಮಿಯಲ್ಲಿ ವೆಬ್ ಚೆಕ್-ಇನ್ ಮಾಡಿ, ಆಮೇಲೆ ದುಡ್ಡು ಕಟ್ಟಿಯೋ ಪಾಯಿಂಟ್ ಕೊಟ್ಟೋ ಅಪ್‌ಗ್ರೇಡ್ ಮಾಡಿಸಿಕೊಂಡವರ ಫೋನಿನಲ್ಲಿ ಹಳೇ ಪಾಸ್ ಹಾಗೇ ಉಳಿದಿರುತ್ತದೆ. ಅದನ್ನು ತೋರಿಸಿದರೆ ಯಂತ್ರ ಎಕಾನಮಿ ಎಂದೇ ಹೇಳುತ್ತದೆ, ಕೌಂಟರಿನ ಹುಡುಗನ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ. ಅಪ್‌ಗ್ರೇಡ್ ಆದ ಮೇಲೆ ಪಾಸನ್ನು ಹೊಸದಾಗಿ ಇಳಿಸಿಕೊಳ್ಳಿ, ಇಲ್ಲವೇ ಚೆಕ್-ಇನ್ ಕೌಂಟರಿನಲ್ಲಿ ಕಾಗದದ ಪಾಸ್ ಪಡೆಯಿರಿ. ಡಿಜಿಯಾತ್ರಾ ನಂಬಿ ಬರುವವರಿಗೂ ಇದೇ ಮಾತು: ಮುಖ ತೋರಿಸಿ ಗೇಟು ದಾಟಬಹುದು, ಲೌಂಜಿನವರು ಕೇಳುವುದು ಬೋರ್ಡಿಂಗ್ ಪಾಸನ್ನೇ.

ಪದೇ ಪದೇ ಹಾರುವವರಿಗೆಂದು ಏರ್ ಇಂಡಿಯಾ ನಡೆಸುವ ಮಹಾರಾಜ ಕ್ಲಬ್‌ನಲ್ಲಿ ಗೋಲ್ಡ್, ಪ್ಲಾಟಿನಂ ದರ್ಜೆಯವರು ಸ್ಟಾರ್ ಅಲಯನ್ಸ್ ಎಂಬ ವಿಮಾನ ಕಂಪನಿಗಳ ಒಕ್ಕೂಟದ ಗೋಲ್ಡ್ ಸದಸ್ಯರೂ ಆಗಿರುವುದರಿಂದ ಎಕಾನಮಿ ಟಿಕೆಟ್ಟಿನಲ್ಲೂ ಲೌಂಜಿಗೆ ಅರ್ಹರು. ಸದಸ್ಯ ಸಂಖ್ಯೆ ಬೋರ್ಡಿಂಗ್ ಪಾಸ್ ಮೇಲೆ ಅಚ್ಚಾಗಿದೆಯೇ ನೋಡಿಕೊಳ್ಳಿ. ಏಜೆಂಟ್ ಅಥವಾ ಆಫೀಸಿನವರು ಬುಕ್ ಮಾಡಿದ ಟಿಕೆಟ್ಟಿನಲ್ಲಿ ಅದು ಬಿಟ್ಟುಹೋಗುವುದು ತೀರಾ ಸಾಮಾನ್ಯ. ಇನ್ನು ಅಗಲ ಸೀಟನ್ನು ಬೇರೆ ಬೇರೆ ಹೆಸರಿನಲ್ಲಿ ಮಾರುವ ಕಡಿಮೆ ದರದ ಕಂಪನಿಗಳ ಟಿಕೆಟ್ ಇದ್ದರೆ, ಲೌಂಜ್ ಸೇರಿದೆ ಎಂದು ಊಹಿಸಿಕೊಳ್ಳಬೇಡಿ. ಸೌಲಭ್ಯಗಳ ಪಟ್ಟಿಯಲ್ಲಿ 'ಲೌಂಜ್' ಎಂಬ ಪದ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಎರಡು ರೂಪಾಯಿಯ ಕಥೆ

ಟಿ2 ಲೌಂಜಿನ ಮುಂದೆ ಸಾಲು ನಿಂತವರಲ್ಲಿ ಹೆಚ್ಚಿನವರು ಕಾರ್ಡಿನವರು. ಕಾರ್ಡ್ ಉಜ್ಜಿ 2 ರೂಪಾಯಿ (ಕೆಲವು ಕಾರ್ಡುಗಳಿಗೆ 25 ರೂಪಾಯಿ) ಕಡಿತವಾದರೆ ಒಳಗೆ. ಆ ಎರಡು ರೂಪಾಯಿ ಶುಲ್ಕವಲ್ಲ, ಕಾರ್ಡ್ ಚಾಲ್ತಿಯಲ್ಲಿದೆಯೇ, ಈ ಸಲದ ಕೋಟಾ ಉಳಿದಿದೆಯೇ ಎಂಬ ಪರೀಕ್ಷೆ. ಅದು ಫೇಲಾಗಲು ಕಾರಣ ಮೂರ್ನಾಲ್ಕೇ, ಮತ್ತೆ ಮತ್ತೆ ಅವೇ.

ಒಂದು, ಬ್ಯಾಂಕಿನ ಆ್ಯಪ್‌ನಲ್ಲಿ ಅಂಗಡಿ ಯಂತ್ರದ ಬಳಕೆ ಆಫ್ ಆಗಿರುವುದು. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿ ಬಗೆಯ ವಹಿವಾಟನ್ನೂ ಗ್ರಾಹಕರೇ ಆನ್-ಆಫ್ ಮಾಡಬಹುದು. ಕಾರ್ಡನ್ನು ಬರೀ ಆನ್‌ಲೈನ್‌ನಲ್ಲಿ ಬಳಸುವವರು ಅಂಗಡಿ ಯಂತ್ರದ (ಪಿಒಎಸ್) ಸ್ವಿಚ್ ಎಂದೋ ಆಫ್ ಮಾಡಿ ಮರೆತಿರುತ್ತಾರೆ. ಎರಡು, ಡೆಬಿಟ್ ಕಾರ್ಡಿನ ಖಾತೆ ಖಾಲಿ: ಎರಡು ರೂಪಾಯಿಗೂ ಬ್ಯಾಲೆನ್ಸ್ ಬೇಕು. ಮೂರು, ಖರ್ಚಿನ ಷರತ್ತು. ಉಚಿತ ಲೌಂಜ್ ಎಂಬ ಮಾತು ಈಗ ಬಹಳಷ್ಟು ಕಾರ್ಡುಗಳಲ್ಲಿ ಅರ್ಧ ಸತ್ಯ. ಆ್ಯಕ್ಸಿಸ್ ಬ್ಯಾಂಕ್ 2024ರ ಮೇ ತಿಂಗಳಿಂದ ಹಲವು ಕಾರ್ಡುಗಳಿಗೆ ಹಿಂದಿನ ಮೂರು ತಿಂಗಳಲ್ಲಿ 50,000 ರೂಪಾಯಿ ಖರ್ಚನ್ನು ಕಡ್ಡಾಯ ಮಾಡಿತು. ಐಸಿಐಸಿಐ 2024ರ ನವೆಂಬರ್‌ನಿಂದ ತನ್ನ ಮಿತಿಯನ್ನು 75,000ಕ್ಕೆ ಏರಿಸಿತು. ಇಲ್ಲಿ ಜನ ತಪ್ಪು ತಿಳಿಯುವುದು ತ್ರೈಮಾಸಿಕದ ಲೆಕ್ಕವನ್ನು. ಅಂಥ ಲೆಕ್ಕದ ಕಾರ್ಡುಗಳಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಮಾಡಿದ ಖರ್ಚು ಏಪ್ರಿಲ್‌ನಿಂದ ಜೂನ್‌ವರೆಗಿನ ಬಾಗಿಲು ತೆರೆಯುತ್ತದೆ. ನಿನ್ನೆ ಟಿಕೆಟ್ಟಿಗೆಂದೇ ಒಂದು ಲಕ್ಷ ಉಜ್ಜಿದ್ದೇನೆ ಎಂದು ಇವತ್ತು ಬಂದರೆ ಆಗದು. ಈ ಮೊತ್ತಗಳನ್ನು ಬ್ಯಾಂಕುಗಳು ಆಗಾಗ ಬದಲಿಸುತ್ತವೆ, ಹೊರಡುವ ಮುಂಚೆ ಆ್ಯಪ್‌ನಲ್ಲಿ ನೋಡಿಕೊಳ್ಳಿ. ನಾಲ್ಕನೆಯದು 2025ರ ಸೆಪ್ಟೆಂಬರ್‌ನ ಬದಲಾವಣೆ: ಬ್ಯಾಂಕುಗಳಿಗೂ ಲೌಂಜುಗಳಿಗೂ ನಡುವೆ ಬಹುಕಾಲ ಕೊಂಡಿಯಾಗಿದ್ದ ಡ್ರೀಮ್‌ಫೋಕ್ಸ್ ದೇಶೀಯ ಲೌಂಜ್ ಸೇವೆ ನಿಲ್ಲಿಸಿತು. ಕೆಲವು ಕಾರ್ಡುಗಳಿಗೆ ಉಜ್ಜುವ ಬದಲು ಮೊದಲೇ ಪಡೆದ ವೋಚರ್ ಅಥವಾ ಕ್ಯೂಆರ್ ಕೋಡ್ ತೋರಿಸಬೇಕಾಗಿ ಬಂದಿರುವುದರಿಂದ, ಹಳೇ ರೂಢಿಯಂತೆ ಕಾರ್ಡ್ ಚಾಚಿದವರು ಕೌಂಟರಿನಲ್ಲಿ ನಿಂತು ಓಟಿಪಿ ಕಾಯುತ್ತಾರೆ. ಹಿಂದಿನವರು ಅವರನ್ನು ಕಾಯುತ್ತಾರೆ.

ಹಲವು ದೇಶಗಳ ಲೌಂಜುಗಳಲ್ಲಿ ನಡೆಯುವ ಪ್ರಯಾರಿಟಿ ಪಾಸ್ ಎಂಬ ಸದಸ್ಯತ್ವದ ಕಾರ್ಡ್ ಇದ್ದರೆ ದೇಶದೊಳಗೆ ಚಾಚುವ ಮುಂಚೆ ಎರಡು ಸಲ ಯೋಚಿಸಿ. ಭಾರತೀಯ ಬ್ಯಾಂಕುಗಳು ಕೊಡುವ ಹಲವು ಪಾಸುಗಳಲ್ಲಿ ಉಚಿತ ಭೇಟಿ ವಿದೇಶಕ್ಕೆ ಮಾತ್ರ ಸೀಮಿತ. ಇಲ್ಲಿ ಬಳಸಿದರೆ ಡಾಲರ್ ಲೆಕ್ಕದ ಶುಲ್ಕ, ಮೇಲೆ ಜಿಎಸ್‌ಟಿ, ಮುಂದಿನ ತಿಂಗಳ ಬಿಲ್ಲಿನಲ್ಲಿ ಬಂದು ಕೂರುತ್ತದೆ. ಅಷ್ಟು ದುಡ್ಡಿಗೆ ಮನೆಮಂದಿಯೆಲ್ಲ ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದು ಬರಬಹುದು.

ಬಿಸಿನೆಸ್ ಕ್ಲಾಸ್‌ನವರು ಈ ಸಾಲಿನ ಹಿಂದೆ ನಿಲ್ಲಬೇಕಾಗಿಲ್ಲ. ಯಂತ್ರದ ಕೆಲಸ ಇಲ್ಲದಿರುವುದರಿಂದ ಪಾಸ್ ಸ್ಕ್ಯಾನ್ ಕ್ಷಣದ ಕೆಲಸ. ಮುಂದೆ ಹೋಗಿ "ಬಿಸಿನೆಸ್ ಕ್ಲಾಸ್" ಎಂದು ಹೇಳಿ ಬೋರ್ಡಿಂಗ್ ಪಾಸ್ ತೋರಿಸಿ. ಸಾಮಾನ್ಯವಾಗಿ ಕರೆದು ಒಳಗೆ ಬಿಡುತ್ತಾರೆ. ಸಂಕೋಚಪಟ್ಟು ಸಾಲಿನಲ್ಲಿ ನಿಂತರೆ ಟಿಕೆಟ್ಟಿಗೆ ಕೊಟ್ಟ ದುಡ್ಡಿನ ಒಂದು ಪಾಲು ಅಲ್ಲೇ ಸೋರಿಹೋಯಿತು.

ಯಾವ ಹೊತ್ತು

ಬೆಳಗ್ಗೆ ಐದರಿಂದ ಒಂಬತ್ತು, ಸಂಜೆ ಐದರಿಂದ ಒಂಬತ್ತು: ಇವೆರಡು ಕಿಕ್ಕಿರಿಯುವ ಹೊತ್ತು. ದೆಹಲಿ, ಮುಂಬೈ ಕಡೆಯ ಆಫೀಸಿನ ಪ್ರಯಾಣಿಕರೆಲ್ಲ ಆಗಲೇ ಹಾರುವುದು. ಸೋಮವಾರ ಬೆಳಗ್ಗೆ, ಶುಕ್ರವಾರ ಸಂಜೆ ಇನ್ನೂ ಬಿಗಿ. ಈ ಹೊತ್ತಿನಲ್ಲಿ ವಿಮಾನಕ್ಕೆ ಒಂದು ಗಂಟೆಗಿಂತ ಕಡಿಮೆ ಸಮಯ ಇದ್ದರೆ ಲೌಂಜ್ ಆಸೆ ಬಿಟ್ಟು ಗೇಟಿನ ಹತ್ತಿರ ಕೂರುವುದೇ ಲೇಸು. ಟಿ2ರಲ್ಲಿ ಅದೇನೂ ಶಿಕ್ಷೆಯಲ್ಲ. ಬಿದಿರಿನ ಸೂರು, ತೂಗುಬಿಟ್ಟ ಗಿಡಗಳು, ಸಾಕಷ್ಟು ಬೆಳಕು ಇರುವ ಹೊರಗಿನ ಹಾಲು ಬೆಳಗಿನ ಲೌಂಜಿಗಿಂತ ಎಷ್ಟೋ ಸಲ ಶಾಂತವಾಗಿರುತ್ತದೆ. ಬೆಳಗ್ಗೆ ಹತ್ತೂವರೆಯಿಂದ ನಾಲ್ಕರವರೆಗೆ ಲೌಂಜಿನ ಒಳ್ಳೆಯ ಹೊತ್ತು.

ಒಳಗಿರಲು ಸಮಯದ ಮಿತಿ ಇದೆ. ದೇಶೀಯ ಲೌಂಜುಗಳಲ್ಲಿ ಸಾಮಾನ್ಯವಾಗಿ 2ರಿಂದ 3 ಗಂಟೆ. ಕಾರ್ಡಿನವರ ರಸೀದಿಯ ಮೇಲೆ ಒಳಬಂದ ಸಮಯ ಅಚ್ಚಾಗಿರುತ್ತದೆ. ವಿಮಾನ ತಡವಾದರೆ ಕೌಂಟರಿಗೆ ಹೋಗಿ ಮೊದಲೇ ಹೇಳಿಡಿ. ಒಮ್ಮೆ ಹೊರಗೆ ಹೋದರೆ ಅದೇ ರಸೀದಿಯಲ್ಲಿ ಮತ್ತೆ ಒಳಗೆ ಬಿಡುತ್ತಾರೆಂಬ ನಂಬಿಕೆ ಬೇಡ.

ಕುರ್ಚಿ, ಪ್ಲಗ್, ಸದ್ದು

ಹೊಸ ವಿನ್ಯಾಸದ ಲೌಂಜುಗಳೆಲ್ಲ ಮಾಡುವ ಒಂದು ಒಳ್ಳೆಯ ಕೆಲಸ ಎಂದರೆ ಆಸನಗಳನ್ನು ಬಗೆಬಗೆಯಾಗಿ ಇಡುವುದು: ಊಟದ ಮೇಜು, ತಗ್ಗು ಸೋಫಾ, ಎತ್ತರದ ಸ್ಟೂಲು, ಒಬ್ಬರೇ ಕೂರುವ ಮೂಲೆ. ಜನ ಬಂದವರೇ ಮೊದಲು ಸೋಫಾ ಹಿಡಿಯುತ್ತಾರೆ. ತಟ್ಟೆ ಹಿಡಿದು ಸೋಫಾದಲ್ಲಿ ಕೂತರೆ ಟೀಪಾಯಿ ಮೊಣಕಾಲಿನ ಮಟ್ಟದಲ್ಲಿರುತ್ತದೆ. ಸಾಂಬಾರಿನ ಬಟ್ಟಲು ಅಲ್ಲಿಂದ ಬಾಯಿಗೆ ಬರುವ ದಾರಿಯಲ್ಲಿ ಬಿಳಿ ಅಂಗಿ ಇರುತ್ತದೆ. ತಿನ್ನುವುದಿದ್ದರೆ ಊಟದ ಮೇಜು, ಲ್ಯಾಪ್‌ಟಾಪ್ ತೆರೆಯುವುದಿದ್ದರೆ ಎತ್ತರದ ಕೌಂಟರ್.

ಪ್ಲಗ್ ವಿಷಯದಲ್ಲಿ ಒಂದು ಕಿವಿಮಾತು. ಎಲ್ಲ ದೇಶದ ಪಿನ್ನೂ ಹಿಡಿಯಲಿ ಎಂದು ಹಾಕುವ ಯೂನಿವರ್ಸಲ್ ಸಾಕೆಟ್ ಯಾವ ಪಿನ್ನನ್ನೂ ಬಿಗಿಯಾಗಿ ಹಿಡಿಯುವುದಿಲ್ಲ. ಲ್ಯಾಪ್‌ಟಾಪಿನ ಭಾರದ ಅಡಾಪ್ಟರ್ ಅಡ್ಡಡ್ಡ ಗೋಡೆಗೆ ಜೋತುಬಿದ್ದರೆ ಹತ್ತು ನಿಮಿಷದಲ್ಲಿ ಜಾರುತ್ತದೆ, ನಿಮಗೆ ಗೊತ್ತಾಗುವುದು ಬ್ಯಾಟರಿ ಕೆಂಪಾದಾಗ. ಮೇಜಿನ ಮೇಲೆ, ಮೇಲ್ಮುಖವಾಗಿರುವ ಸಾಕೆಟ್ ಹುಡುಕಿ. ಯುಎಸ್‌ಬಿ ತೂತಿನಲ್ಲಿ ಫೋನು ನಿಧಾನವಾಗಿ ತುಂಬುತ್ತದೆ. ಅರ್ಧ ಗಂಟೆಯಷ್ಟೇ ಇದ್ದರೆ ನಿಮ್ಮದೇ ಚಾರ್ಜರ್ ಬಳಸಿ. ಪವರ್ ಬ್ಯಾಂಕಿನಿಂದ ವಿಮಾನದೊಳಗೆ ಚಾರ್ಜ್ ಮಾಡುವುದಕ್ಕೆ ಈಗ ನಿರ್ಬಂಧ ಇರುವುದರಿಂದ ಈ ಅರ್ಧ ಗಂಟೆಗೆ ಮೊದಲಿಗಿಂತ ಬೆಲೆ ಹೆಚ್ಚು.

ವೈಫೈಗೆ ಓಟಿಪಿ ಬೇಕು, ಓಟಿಪಿಗೆ ಭಾರತದ ನಂಬರು ಬೇಕು. ರಜೆಗೆ ಬಂದು ಹೋಗುವ ಹೊರದೇಶದ ಕನ್ನಡಿಗರು ವಿದೇಶಿ ಸಿಮ್ಮಿನಲ್ಲಿ ಸಂದೇಶ ಬರಲೆಂದು ಕಾಯುತ್ತಾ ಕೂರುವ ಬದಲು ಕೌಂಟರಿನಲ್ಲಿ ಕೂಪನ್ ಕೇಳಲಿ.

ಸದ್ದು ಮಾತ್ರ ಹೊಸ ಲೌಂಜುಗಳಿಗೆಲ್ಲ ಅಂಟಿದ ಜಾಡ್ಯ. ಜಮಖಾನೆ ತೆಗೆದು ಕಲ್ಲು, ಮರ, ಟೈಲ್ಸ್ ಹಾಕಿದರೆ ಒರೆಸಲು ಸುಲಭ, ಫೋಟೋದಲ್ಲಿ ಚೆಂದ. ಆದರೆ ಸೂಟ್‌ಕೇಸಿನ ಗಾಲಿ, ಚಮಚ, ತಟ್ಟೆ, ಸ್ಪೀಕರ್ ಹಾಕಿಕೊಂಡು ಮಾತಾಡುವ ಮಹನೀಯರು, ಯಾವುದೂ ಹೀರಲ್ಪಡುವುದಿಲ್ಲ. ಬಫೆಯಿಂದಲೂ ಪ್ರವೇಶದ ಬಾಗಿಲಿಂದಲೂ ದೂರದ ಮೂಲೆ ಹಿಡಿಯಿರಿ.

ತಿಂಡಿ

ದಕ್ಷಿಣದ ತಿಂಡಿಯೇ ಇಲ್ಲಿನ ಮುಖ್ಯ ಆಕರ್ಷಣೆ. ಅದರಲ್ಲೂ ಯಾವುದನ್ನು ಯಾವಾಗ ತೆಗೆದುಕೊಳ್ಳಬೇಕು ಎಂಬುದಕ್ಕೊಂದು ಶಾಸ್ತ್ರವಿದೆ.

ಬಫೆಯ ಸ್ಟೀಲ್ ಪಾತ್ರೆಗಳು ಕೆಳಗೆ ಬಿಸಿನೀರು, ಮೇಲೆ ಮುಚ್ಚಳ ಎಂಬ ವ್ಯವಸ್ಥೆಯವು. ಬಿಸಿ ಅಡುಗೆಯನ್ನು 60 ಡಿಗ್ರಿಗಿಂತ ಮೇಲೆ ಇಟ್ಟರೆ ಕೆಡುವುದಿಲ್ಲ ಎಂಬುದಷ್ಟೇ ಅದರ ಗುರಿ, ರುಚಿ ಕಾಪಾಡುವುದಲ್ಲ. ಇಡ್ಲಿಗೆ ಹಬೆ ಬೇಕು. ಮುಚ್ಚಳ ಪದೇ ಪದೇ ತೆರೆಯುವಾಗ ಹಬೆ ಹೋಗಿ ಅಂಚು ಗಟ್ಟಿಯಾಗುತ್ತದೆ. ಅರ್ಧ ಗಂಟೆ ದಾಟಿದ ಇಡ್ಲಿಯನ್ನು ಬೆರಳಲ್ಲಿ ಒತ್ತಿದರೆ ಹಳ್ಳ ಮೇಲೇಳುವುದಿಲ್ಲ. ವಡೆಯದು ಇದಕ್ಕೆ ತದ್ವಿರುದ್ಧ: ಅದಕ್ಕೆ ಹಬೆ ಶತ್ರು. ಮುಚ್ಚಿಟ್ಟ ಪಾತ್ರೆಯಲ್ಲಿ ಗರಿಗರಿ ಹೊರಪದರ ತೇವ ಕುಡಿದು ರಬ್ಬರಾಗುತ್ತದೆ. ಅಂಥ ವಡೆಯನ್ನು ಸಾಂಬಾರಿನಲ್ಲಿ ಐದು ನಿಮಿಷ ಮುಳುಗಿಸಿಡಿ, ಸಾಂಬಾರ್ ವಡೆ ಎಂದುಕೊಂಡರೆ ಸರಿಹೋಗುತ್ತದೆ. ಉಪ್ಪಿಟ್ಟು, ಪೊಂಗಲ್ ಈ ಪಾತ್ರೆಗಳಲ್ಲಿ ಹೆಚ್ಚು ಹೊತ್ತು ತಾಳುತ್ತವೆ. ಸಾಂಬಾರನ್ನು ಸೌಟಿನಿಂದ ತಳ ಕಲಕಿಯೇ ಬಡಿಸಿಕೊಳ್ಳಿ. ಬೇಳೆ ತಳದಲ್ಲಿ, ತಿಳಿ ಮೇಲೆ. ಮೊದಲು ಬಂದವರೆಲ್ಲ ತಿಳಿ ತೆಗೆದುಕೊಂಡರೆ ಕೊನೆಯವರಿಗೆ ಗೊಜ್ಜು ಉಳಿಯುತ್ತದೆ. ಕಾಯಿ ಚಟ್ನಿ ಬೆಳಗ್ಗೆ ಬೇಗ ತಿನ್ನುವ ವಸ್ತು. ಹೊತ್ತೇರಿದ ಮೇಲೆ ಮೊದಲು ಮೂಸಿ, ಹುಳಿ ವಾಸನೆ ಇದ್ದರೆ ಚಟ್ನಿಪುಡಿ ಕಡೆ ತಿರುಗಿ.

ಎದುರೇ ಹುಯ್ದುಕೊಡುವ ದೋಸೆಯ ಮುಂದೆ ಸಾಲು ಇದ್ದೇ ಇರುತ್ತದೆ. ಸಾಲು ಉದ್ದ ಇದ್ದಾಗ ದೋಸೆ ಕೆಡುವುದಕ್ಕೆ ಕಾರಣ ಸರಳ: ಫ್ರಿಜ್ಜಿನಿಂದ ಬಂದ ತಣ್ಣನೆ ಹಿಟ್ಟನ್ನು ಒಂದರ ಹಿಂದೊಂದು ಹುಯ್ಯುವಾಗ ಕಾವಲಿಯ ಕಾವು ಇಳಿಯುತ್ತದೆ, ಮತ್ತೆ ಏರುವಷ್ಟು ಬಿಡುವು ಸಿಗುವುದಿಲ್ಲ. ದೋಸೆ ಬಿಳಿಚಿಕೊಂಡು ಮೆತ್ತಗೆ ಏಳುತ್ತದೆ. ನೀರು ಚಿಮುಕಿಸಿದಾಗ ಚುಂಯ್ ಎಂದು ಹಾರಿಹೋಗುತ್ತಿದ್ದರೆ ನಿಲ್ಲಿ, ನೀರು ಸುಮ್ಮನೆ ಹರಡುತ್ತಿದ್ದರೆ ಹತ್ತು ನಿಮಿಷ ಬಿಟ್ಟು ಬನ್ನಿ. "ಸ್ವಲ್ಪ ರೋಸ್ಟ್ ಮಾಡಿ" ಎಂದು ಕನ್ನಡದಲ್ಲೇ ಕೇಳಿ, ಫಲ ಸಿಗುತ್ತದೆ.

ಕಾಫಿಯಲ್ಲಿ ಎರಡು ಬಗೆ. ಗುಂಡಿ ಒತ್ತಿದರೆ ಸುರಿಯುವ ಯಂತ್ರದ್ದು ಒಂದು, ಡಿಕಾಕ್ಷನ್ ಹಾಕಿ ಹಾಲು ಬೆರೆಸಿ ಕೊಡುವುದು ಇನ್ನೊಂದು. ಯಂತ್ರದ ಮೇಲೆ 'ಫಿಲ್ಟರ್ ಕಾಫಿ' ಎಂದು ಬರೆದಿದ್ದರೂ ಸಕ್ಕರೆ ಬೇಡ ಎನ್ನಲು ಅವಕಾಶವಿಲ್ಲದಿದ್ದರೆ ಅದು ಪುಡಿ ಬೆರೆಸಿದ್ದು ಎಂದು ತಿಳಿಯಿರಿ. ಕೈಯಲ್ಲಿ ಬೆರೆಸುವವರಿದ್ದರೆ ಅವರ ಹತ್ತಿರ ಹೋಗಿ, ಸ್ಟ್ರಾಂಗ್ ಬೇಕಾದರೆ ಬಾಯಿಬಿಟ್ಟು ಹೇಳಿ.

ಬೆಳಗಿನ ತಿಂಡಿ ಎತ್ತಿ ಮಧ್ಯಾಹ್ನದ ಊಟ ಇಡುವ ನಡುವಿನ ಹೊತ್ತು, ಅಂದಾಜು ಹತ್ತೂವರೆಯಿಂದ ಹನ್ನೆರಡರವರೆಗೆ, ಬಫೆ ಅತ್ಯಂತ ಬಡವಾಗಿರುತ್ತದೆ. ಕೂರಲು ಜಾಗ ಧಾರಾಳ, ತಿನ್ನಲು ಬ್ರೆಡ್ಡು, ಹಣ್ಣು, ಕೇಕು. ಊಟ ಸಾಧಾರಣ: ಅನ್ನ, ದಾಲ್, ಪನೀರ್, ಒಂದು ಮಾಂಸದ ಪದಾರ್ಥ, ಮೊಸರು. ಎಲ್ಲ ಪ್ರಾಂತದವರಿಗೂ ಒಪ್ಪಿಗೆಯಾಗಬೇಕೆಂದು ಮಾಡಿದ್ದು ಯಾರ ಊರಿನದೂ ಅಲ್ಲದ ರುಚಿಯಾಗುತ್ತದೆ. ಸಸ್ಯಾಹಾರಿಗಳು ಚೀಟಿಯ ಮೇಲೆ ಹಸಿರು ಚುಕ್ಕೆ ನೋಡಿದರೆ ಸಾಲದು, ಸೌಟನ್ನೂ ನೋಡಬೇಕು. ನೂಕುನುಗ್ಗಲಿನಲ್ಲಿ ಒಂದು ಪಾತ್ರೆಯ ಸೌಟು ಇನ್ನೊಂದಕ್ಕೆ ಹೋಗುತ್ತದೆ. ಅನುಮಾನ ಬಂದರೆ ಒಳಗಿನಿಂದ ಬೇರೆ ತಂದುಕೊಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಬಿಯರ್, ವೈನ್ ಬೇಕಾದವರು ನಿಮ್ಮ ಪ್ರವೇಶದಲ್ಲಿ ಅದು ಸೇರಿದೆಯೇ, ಬೇರೆ ಬಿಲ್ಲೇ ಎಂದು ಗ್ಲಾಸು ತುಂಬಿಸುವ ಮುಂಚೆ ಕೇಳಿ.

ಸ್ನಾನದ ಕೋಣೆಯನ್ನು ನೆಚ್ಚಿಕೊಂಡು ದೇಶೀಯ ಲೌಂಜಿಗೆ ಬರಬೇಡಿ.

ಹೋಲಿಕೆಗೆ ಒಂದು ಮಾತು

2022ರ ಸೆಪ್ಟೆಂಬರ್ 14ರಂದು ಬೆಂಗಳೂರು–ಸಿಡ್ನಿ ನಡುವೆ ಕ್ವಾಂಟಾಸ್‌ನ ನೇರ ವಿಮಾನ ಶುರುವಾದ ಮೇಲೆ, ಸಿಡ್ನಿಯಲ್ಲಿ ಇಳಿದು ಮೂರನೇ ಟರ್ಮಿನಲ್ಲಿನಿಂದ ಮೆಲ್ಬರ್ನ್, ಬ್ರಿಸ್ಬೇನಿಗೆ ಹೋಗುವ ಕನ್ನಡಿಗರು ಆ ಕಂಪನಿಯ ದೇಶೀಯ ಬಿಸಿನೆಸ್ ಲೌಂಜ್ ಕಂಡಿರುತ್ತಾರೆ. ಅಲ್ಲಿ ಲೌಂಜ್ ವಿಮಾನ ಕಂಪನಿಯ ಸ್ವಂತದ್ದು. ಬಿಸಿನೆಸ್ ಟಿಕೆಟ್ ಅಥವಾ ಪ್ಲಾಟಿನಂ ದರ್ಜೆ ಇದ್ದವರಿಗೆ ಒಂದು ಬಾಗಿಲು; ಗೋಲ್ಡ್ ದರ್ಜೆಯವರಿಗೆ, ಚಂದಾ ಕಟ್ಟಿದ ಸದಸ್ಯರಿಗೆ 'ಕ್ವಾಂಟಾಸ್ ಕ್ಲಬ್' ಎಂಬ ಇನ್ನೊಂದು. ಹವಾಯಿ ಚಪ್ಪಲಿ ಹಾಕಿ ಬಂದವರನ್ನು ತಡೆಯುವ ಉಡುಪಿನ ನಿಯಮವೂ ಉಂಟು. ನಮ್ಮಲ್ಲಿ ಚಪ್ಪಲಿ ಕೇಳುವವರಿಲ್ಲ, ಹಿಂದಿನ ತ್ರೈಮಾಸಿಕದ ಖರ್ಚು ಕೇಳುತ್ತಾರೆ. ಬಿಸಿನೆಸ್ ಟಿಕೆಟ್ಟಿನವರಿಗೆ ಒಂದಿಷ್ಟು ಆಸನಗಳನ್ನಾದರೂ ಕಿಕ್ಕಿರಿಯುವ ಹೊತ್ತಿನಲ್ಲಿ ಕಾದಿರಿಸುವುದು ಕಷ್ಟದ ಕೆಲಸವಲ್ಲ. ಅಂಥ ಭಾಗ ಇದೆಯೇ ಎಂದು ಕೌಂಟರಿನಲ್ಲಿ ಕೇಳಿ; ಕೇಳುವವರು ಹೆಚ್ಚಾದರೆ ಮಾಡಿಯಾರು.

ಹೊರಡುವಾಗ

ಬೆಂಗಳೂರಿನ ನಿಲ್ದಾಣದಲ್ಲಿ ಬೋರ್ಡಿಂಗ್ ಘೋಷಣೆಗಳನ್ನು ಕೂಗುವುದಿಲ್ಲ. ಲೌಂಜಿನೊಳಗೂ ಯಾರೂ ಬಂದು ಎಬ್ಬಿಸುವುದಿಲ್ಲ. ಹೆಚ್ಚಿನ ಕಂಪನಿಗಳ ಗೇಟು ವಿಮಾನ ಹೊರಡುವ 20–25 ನಿಮಿಷ ಮೊದಲೇ ಮುಚ್ಚುತ್ತದೆ. ಬಿಸಿನೆಸ್ ಕ್ಲಾಸ್ ಎಂದು ಗೇಟು ಕಾಯುವುದಿಲ್ಲ. ಅದಕ್ಕೂ ಹಿಂದೆ ನಡೆಯಲು ಹತ್ತು ಹದಿನೈದು ನಿಮಿಷ ಇಟ್ಟುಕೊಳ್ಳಿ, ಗೇಟು ಬಸ್ಸಿನದಾಗಿದ್ದರೆ ಇನ್ನೂ ಐದು. ಅಂದರೆ ಏಳು ಗಂಟೆಯ ವಿಮಾನಕ್ಕೆ ಆರು ಇಪ್ಪತ್ತಕ್ಕೆ, ಬಸ್ಸಿನ ಗೇಟಾದರೆ ಆರೂ ಕಾಲಿಗೆ ಕುರ್ಚಿ ಬಿಡಬೇಕು. ಹೊರಡುವ ಮುನ್ನ ಲೌಂಜಿನ ಪರದೆಯಲ್ಲಿ ಗೇಟ್ ಸಂಖ್ಯೆಯನ್ನು ಮತ್ತೊಮ್ಮೆ ನೋಡಿ. ಬೋರ್ಡಿಂಗ್ ಪಾಸ್ ಇಳಿಸಿಕೊಂಡಾಗ ಇದ್ದ ಗೇಟೇ ಈಗಲೂ ಇರಬೇಕೆಂದಿಲ್ಲ. ಸಾಕೆಟ್ಟಿನಲ್ಲಿ ಚಾರ್ಜರ್ ಬಿಟ್ಟಿದ್ದೀರಾ, ಅದನ್ನೂ ನೋಡಿ.